ಮಾಳಿಗೆಯ ಮೇಲಿನ ಶಾವಿಗೆ

ಮಡ್ಡಿ ಓಣಿ, ಶಿರಗುಪ್ಪಿ ಹತ್ತಿರ
ಗುರುವಾರ, ೮ ಮೇ ೨೦೨೫

ಬೆಳಗಾವಿಯಲ್ಲಿ ದೊಡ್ಡ ಸಾಹೇಬರಾಗಿ ಕುಳಿತಿರುವ ಬಾಳೇಶ ಅವರಿಗೆ, ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿಯಾಗಿರುವ ಮಾಯಾ ಮಾಡುವ ನಮಸ್ಕಾರ.

ನಾನು ಆರಾಮ ಇದ್ದೇನೆ. ನೀವು ಆರಾಮವೋ ಇಲ್ಲವೋ ಎಂದು ಈಗಲೇ ಕೇಳುವುದಿಲ್ಲ. ಪತ್ರ ಪೂರ್ತಿ ಓದಿ, ಆಮೇಲೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಚಿಕ್ಕಪ್ಪನ ಮಗ ಲಖನನ ಕೈಯಲ್ಲಿ ಕಳಿಸಿದ ಶಾವಿಗೆ ಡಬ್ಬಿ ಮುಟ್ಟಿದೆ ಎಂದು ತಿಳಿಯಿತು. ನೀವು ಅತ್ತೆಗೆ ಫೋನ್ ಮಾಡಿ, "ಅವ್ವಾ, ಶಾವಿಗಿ ಭಾಳ ಚೊಲೊ ಆಗ್ಯಾವ, ಹಾಲು ಸಕ್ಕರಿ ಹಾಕ್ಕೊಂಡು ಎರಡೆರಡ ಸಲ ನೀಡಿಸ್ಕೊಂಡು ಉಂಡೆ" ಅಂದಿರಂತೆ. ಅತ್ತೆ ಫೋನ್ ಇಟ್ಟು ಬಂದು ನನಗೆ ಹೇಳಿದರು.

ನೀವು ಮನೆ ಬಿಟ್ಟ ಮೇಲೆ ಇಲ್ಲಿ ಶಾವಿಗೆ ಹೇಗೆ ಒಣಗುತ್ತಿತ್ತು ಎಂಬುದು ನಿಮಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳಿ. ವಿಮಾನ ಕಲಿಸುವ ಶಾಲೆಯವರ ರನ್‌ವೇ ನಮ್ಮ ಹಿತ್ತಲ ಗೋಡೆಯ ಆಚೆ ಮುಗಿಯುತ್ತದಲ್ಲ, ಆ ಪುಟ್ಟ ವಿಮಾನಗಳು ಹಾರುವ ಮುಂಚೆ ಅಲ್ಲೇ ನಿಂತು ಎಂಜಿನ್ ಜೋರು ಮಾಡುತ್ತವೆ. ಅವುಗಳ ಮೂತಿಯಲ್ಲಿ ತಿರುಗುವ ಫ್ಯಾನಿನ ಗಾಳಿ ನೇರ ನಮ್ಮ ಮಾಳಿಗೆಗೆ ಬರುತ್ತದೆ. ಪಕ್ಕದ ಮನೆಯ ಗೌರಾಬಾಯಿ ಅದನ್ನು ಮೊದಲು ಕಂಡುಹಿಡಿದಳು. "ವಿಮಾನದ ಗಾಳಿಗೆ ಎಷ್ಟ ಲಗೂನ ಒಣಗತಾವ ನೋಡ್ರಿ! ಮೊದಲ ಎರಡ ಬಿಸಲ ಬೇಕಾಗ್ತಿತ್ತ" ಎಂದು ಓಣಿಗೆಲ್ಲ ಸಾರಿದಳು. ಅಂದಿನಿಂದ ಎಲ್ಲರ ಶಾವಿಗೆ, ಸಂಡಿಗೆ, ಹಪ್ಪಳ ನಮ್ಮ ಮಾಳಿಗೆಗೇ. ಹೊರಸಿನ ಮೇಲೆ ಮಾವನವರ ಬಿಳಿ ಧೋತರ ಹಾಸಿ ಹರವುತ್ತಿದ್ದರು. ಸಂಜೆ ತೆಗೆದರೆ ಬೆಳ್ಳಗೆ, ಒಂದು ಕರಿ ಚುಕ್ಕೆ ಇಲ್ಲ. ಕಪ್ಪಾಗಿದ್ದರೆ ಅಂದೇ ದನಕ್ಕೂ ಹಾಕದೆ ಚೆಲ್ಲುತ್ತಿದ್ದರು.

ಆ ವಿಮಾನಗಳ ಪೆಟ್ರೋಲಿನಲ್ಲಿ ಸೀಸ ಇರುತ್ತದೆ. ಅದು ಹೊಗೆಯ ಜೊತೆ ಬಂದು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇದನ್ನು ನಿಮಗೆ ನಾನು ಕಲಿಸಬೇಕೇ? ಈ ಊರ ಗಾಳಿ ಅಳೆಯುವ ಕೆಲಸ ನಾವಿಬ್ಬರೂ ಕೂಡಿ ಹಿಡಿದದ್ದು. ಇದೇ ಮಾಳಿಗೆಯ ಧೂಳನ್ನು ಒರೆಸಿ ಪ್ರಯೋಗಾಲಯಕ್ಕೆ ಒಯ್ದವರು ನೀವು, ಫಲಿತಾಂಶವನ್ನು ನನಗಿಂತ ಮೊದಲು ನೋಡಿದವರೂ ನೀವು. ಆಮೇಲೆ ಶಾಲೆಯವರಿಗೆ ಬರೆದುಕೊಟ್ಟ ವರದಿಯಲ್ಲಿ ಧೂಳು ಮಿತಿಯೊಳಗಿದೆ, ಹೊಗೆ ಮಿತಿಯೊಳಗಿದೆ, ಸೀಸದ ಮಾತೇ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಶಾಲೆಯ ಮಾಲೀಕ ಭಾವುಸಾಹೇಬನ ಎದುರು ನಗುತ್ತಾ ಏನಂದಿರಿ? "ಆಕೀದೇನ ಮನಸಿಗೆ ಹಚಗೋಬ್ಯಾಡ್ರಿ ಸಾಹೇಬ್ರ, ಮಕ್ಕಳಾಗದ ಬ್ಯಾಸರಕ್ಕ ಹಂಗ ಮಾತಾಡತಾಳ."

ಆ ಮಾತು ಇನ್ನೂ ಹಸಿಯಾಗಿದೆ. ನಿಮ್ಮನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.

ಈಗ ಕೋಮಲಳ ವಿಷಯ. ನಿಮ್ಮ ತಮ್ಮ ಮಾಳುವಿನ ಮಗಳು, ಹುಟ್ಟಿದಾಗ ಓಣಿಗೆಲ್ಲ ನೀವೇ ಪೇಡೆ ಹಂಚಿದ್ದಿರಿ. ಎರಡು ವರ್ಷದವಳಿದ್ದಾಗ ಮನೆಯ ಎಮ್ಮೆಗಳ ಹೆಸರನ್ನೆಲ್ಲ ಪಟಪಟ ಹೇಳುತ್ತಿದ್ದವಳು, ಈಗ ನನ್ನನ್ನು ಕರೆಯಲು ಬಾಯಿ ತೆರೆದು, ಮಾತು ಸಿಗದೆ ಸುಮ್ಮನಾಗುತ್ತಾಳೆ. ಹೊಟ್ಟೆ ಹಿಡಿದು ಅಳುತ್ತಾಳೆ. ಮೀರಜಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಸೀಸ ಸೇರಿದೆ ಎಂದರು. ಮಗು ಏನು ತಿನ್ನುತ್ತದೆ ಎಂದು ಕೇಳಿದಾಗ ಮಾಳು, "ಏನಿಲ್ರಿ, ಹಾಲು ಶಾವಿಗಿ ಬಿಟ್ರ ಬ್ಯಾರೆ ಮುಟ್ಟೂದಿಲ್ರಿ" ಅಂದ. ಮಾಳಿಗೆಯ ಧೂಳು ಅಳೆದ ನನಗೂ ಅಲ್ಲಿಯವರೆಗೆ ಶಾವಿಗೆಯ ವಿಚಾರ ಹೊಳೆದಿರಲಿಲ್ಲ. ಮನೆಗೆ ಬಂದವಳೇ ಶಾವಿಗೆಯನ್ನು ಪರೀಕ್ಷೆಗೆ ಕಳಿಸಿದೆ. ಅದರಲ್ಲೂ ಸೀಸ ಸಿಕ್ಕಿತು. ಓಣಿಯವರು ತಮ್ಮ ಡಬ್ಬಿಗಳನ್ನೆಲ್ಲ ತಂದು ಗುಂಡಿಗೆ ಸುರಿದರು. ಗೌರಾಬಾಯಿ ಎದೆ ಬಡಿದುಕೊಂಡು ಅತ್ತಳು.

ಅತ್ತೆ ಮಾತ್ರ ಒಂದು ಡಬ್ಬಿ ತೆಗೆದಿಟ್ಟುಕೊಂಡರು.

ಸೋಮವಾರ ರನ್‌ವೇ ಉದ್ದ ಮಾಡುವ ಬಗ್ಗೆ ಊರವರ ಸಭೆ ಇದೆಯಲ್ಲ? ಬೇಲಿ ನಮ್ಮ ಹಿತ್ತಲೊಳಗೇ ಬರಲಿದೆ. ನೀವು ಸೂಟು ಹಾಕಿಕೊಂಡು ಬಂದು ನಿಮ್ಮ ವರದಿ ಓದಲಿದ್ದೀರಿ ಎಂದು ಭಾವುಸಾಹೇಬ ಡಂಗುರ ಹೊಡೆಸಿದ್ದಾನೆ. ಬನ್ನಿ, ತಪ್ಪದೆ ಬನ್ನಿ. ಬಹಳ ದಿನದ ಮೇಲೆ ಮಗ ಊರಿಗೆ ಬಂದರೆ ತಾಯಿ ಎಲ್ಲಕ್ಕಿಂತ ಮೊದಲು ಹಾಲು ಶಾವಿಗೆ ಕೊಡುವುದು ನಮ್ಮಲ್ಲಿಯ ಪದ್ಧತಿ, ಮಗನಾದವನು ಆ ಬಟ್ಟಲು ಸರಿಸುವಂತಿಲ್ಲ. ನೀವು ಮನೆಗೆ ಬರುವುದಿಲ್ಲ ಎಂದು ಅತ್ತೆಗೆ ಗೊತ್ತು, ಅದಕ್ಕೇ ಅವರೇ ಸಭೆಗೆ ಬಟ್ಟಲು ತರುತ್ತಾರೆ. ನಾನು ಬೇಡವೆಂದೆ. "ಸುಮ್ನಿರ ಮಾಯಾ. ಗಾಳಿ ಚೊಲೊ ಐತಿ ಅನ್ನಾಂವಗ ಶಾವಿಗಿ ಯಾಕ ಒಲ್ಲೆ ಆಗತಾವ? ನನ್ನ ಮಗಗ ನನ್ನ ಕೈಯಾರೆ ನೀಡತೇನಿ" ಅಂದರು.

ಎಲ್ಲರ ಎದುರು ಸೀಸದ ಫಲಿತಾಂಶ ಓದಿ, ಇಲ್ಲವೇ ಬಟ್ಟಲು ಖಾಲಿ ಮಾಡಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ, ಕೋಮಲಳನ್ನು ತೊಡೆಯ ಮೇಲೆ ಕೂರಿಸಿಕೊಂಡು.

ಅಂದಹಾಗೆ, ನೀವು ಎರಡೆರಡು ಸಲ ನೀಡಿಸಿಕೊಂಡು ಉಂಡಿರಲ್ಲ, ಆ ಶಾವಿಗೆಯೂ ಇದೇ ಮಾಳಿಗೆಯದು. ಮೀರಜಿನ ಡಾಕ್ಟರ ನಂಬರು ಮಾಳುವಿನ ಹತ್ತಿರ ಇದೆ. ತಮ್ಮನಿಗೆ ಫೋನ್ ಮಾಡಿ, ಯಾಕೆ ಬೇಕಾಗಿದೆ ಎಂದು ನೀವೇ ಹೇಳಿ ತೆಗೆದುಕೊಳ್ಳಿ.

ಇಂತಿ,
ಸೋಮವಾರದ ದಾರಿ ಕಾಯುತ್ತಿರುವ
ಮಾಯಾ

ತಾ.ಕ.: ನಿಮ್ಮ ಡಬ್ಬಿಯ ಶಾವಿಗೆ ಮಾಳಿಗೆಯದಲ್ಲ. ಸದಲಗೆಯಲ್ಲಿ, ನನ್ನ ತವರುಮನೆಯಲ್ಲಿ ಒಣಗಿಸಿದ್ದು. ಗೊತ್ತಿದ್ದೂ ಒಬ್ಬರಿಗೆ ವಿಷ ಉಣಿಸಲು ನನ್ನಿಂದ ಆಗಲಿಲ್ಲ, ಅದು ನಿಮಗೇ ಸೈ. ಆದರೆ ಈ ಸಾಲಿಗೆ ಬರುವವರೆಗೆ ನಿಮ್ಮ ಕೈ ಹೊಟ್ಟೆಯ ಮೇಲಿತ್ತು, ಹೌದೋ ಅಲ್ಲವೋ? ಕೋಮಲಳ ತಾಯಿ ದಿನಾ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಾಳೆ. ಅತ್ತೆ ಸೋಮವಾರ ತರುವ ಬಟ್ಟಲಿನದು ಮಾತ್ರ ಮಾಳಿಗೆಯದೇ.