ಒರೆಸಿಹಾಕಿದ ಇಪ್ಪತ್ತಾರು ಹೆಬ್ಬೆರಳು

ಕಲಾಶಾಲೆಯ ದಾಖಲಾಗಾರದ ಮುಖ್ಯಾಧಿಕಾರಿಗಳೇ,

ದಾಖಲೆಗೆಂದು ನಾನು ಒಪ್ಪಿಸಿದ್ದ ಕೆಲಸದ ಪುಸ್ತಕವನ್ನು ನಿಮ್ಮ ಕಚೇರಿ ಒದ್ದೆ ಸ್ಪಂಜಿನಿಂದ ಒರೆಸಿ, ಸ್ಕ್ಯಾನ್ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ವಾಪಸ್ ಕೊಟ್ಟಿದೆ. ಜೊತೆಗಿಟ್ಟ ಚೀಟಿಯಲ್ಲಿ "ಸ್ಥಿತಿ ಉತ್ತಮ. ಮಣ್ಣಿನ ಕಲೆ ತೆಗೆಯಲಾಗಿದೆ" ಎಂದಿದೆ. ದಾಖಲೆ ಇದ್ದದ್ದೇ ಆ ಕಲೆಗಳಲ್ಲಿ. ಈಗ ಉಳಿದಿರುವುದು ನನ್ನ ಕೆಟ್ಟ ಅಕ್ಷರ ಮಾತ್ರ.

ಮಣ್ಣಿನ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಮಣ್ಣು ಕಲಸಿ ನಮಗೆಲ್ಲ ಕೆಲಸ ಕಲಿಸಿದವರು ಒಬ್ಬರಿದ್ದರು. ನಾವು ಅವರನ್ನು ಮಣ್ಣು ಮಾಮ ಎನ್ನುತ್ತಿದ್ದೆವು. ಬೋಧಕರ ಪಟ್ಟಿಯಲ್ಲಿ ಅವರಿಲ್ಲ, ಆದ್ದರಿಂದ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲ ತಿಂಗಳು ನನ್ನ ಪಾತ್ರೆಗಳೆಲ್ಲ ಸುಡುವಾಗ ಬಿರಿಯುತ್ತಿದ್ದವು. ಹಾಸ್ಟೆಲಿನಲ್ಲಿ ಓದಿ ಬೆಳೆದವಳು ನಾನು, ಏನು ಹೇಳಿದರೂ ನೋಟ್ಸ್ ಮಾಡಿಕೊಳ್ಳುವುದೇ ಅಭ್ಯಾಸ. ಪಾತ್ರೆಯ ಗೋಡೆ ಎಷ್ಟು ಮಿಲಿಮೀಟರ್ ಇರಬೇಕು ಎಂದು ಕೇಳಿದೆ. ಮಾಮ ನನ್ನ ಪುಸ್ತಕ ಕಸಿದುಕೊಂಡು, ಪುಟದ ಮೇಲೆ ಒಂದು ಚಿಟಿಕೆ ಮಣ್ಣಿಟ್ಟು ಹೆಬ್ಬೆರಳಿನಿಂದ ಒತ್ತಿದರು.

"ಇಷ್ಟು. ಬರ್ಕೊಂಡ್ರೆ ಏನ್ ಗೊತ್ತಾಗುತ್ತೆ ತಾಯಿ, ಮುಟ್ಟಿ ನೋಡು."

ಆಮೇಲೆ ಹೂಜಿಯ ಕುತ್ತಿಗೆಗೆ ಒಂದು, ಬಟ್ಟಲಿನ ಅಂಚಿಗೆ ಒಂದು, ಹಿಡಿ ಕೂಡುವ ಜಾಗಕ್ಕೆ ಒಂದು, ಹೀಗೆ ಇಪ್ಪತ್ತಾರು ಒತ್ತುಗಳು ಒಣಗಿ ಕಾಗದಕ್ಕೆ ಕಚ್ಚಿಕೊಂಡವು. ಪುಟ ಮುಟ್ಟಿ ಚಕ್ರದ ಮುಂದೆ ಕೂತರೆ ಕೈಗೆ ತಾನಾಗಿ ತಿಳಿಯುತ್ತಿತ್ತು. ಪುಸ್ತಕ ಮಾತ್ರ ಸರಿಯಾಗಿ ಮುಚ್ಚುತ್ತಿರಲಿಲ್ಲ. ಇದೇ ಅದರ ಅಪರಾಧ.

"ಸ್ಕ್ಯಾನರ್ ಗ್ಲಾಸ್ ಮೇಲೆ ಕೂರ್ತಾನೇ ಇರ್ಲಿಲ್ಲಮ್ಮ. ಗಲೀಜಾಗಿತ್ತು ಅಂತ ನಾನೇ ನಿಂತು ಕ್ಲೀನ್ ಮಾಡಿಸ್ದೆ," ಎಂದರು ನಿಮ್ಮ ಗುಮಾಸ್ತರು. ಉಪಕಾರ ಮಾಡಿದವರ ಮುಖ. ನಾನು ಥ್ಯಾಂಕ್ಸ್ ಅಂದುಬಿಟ್ಟೆ.

ನಿಮ್ಮ ನಿಯಮಾವಳಿ "ಸೃಜನ ಪ್ರಕ್ರಿಯೆಯ ಅಧಿಕೃತ ಕುರುಹು" ಬೇಕೆನ್ನುತ್ತದೆ. ಅದು ಹೇಗೆ ತಯಾರಾಗುತ್ತದೆಂದು ಬಲ್ಲಿರಾ? ನಮ್ಮಲ್ಲಿ ಅನೇಕರು ಕೆಲಸ ಪೂರ್ತಿ ಮುಗಿಸಿ, ಆಮೇಲೆ ಕೂತು ಹಳೇ ತಾರೀಖು ಹಾಕಿ, ಬೇಕೆಂದೇ ತಪ್ಪು ಸ್ಕೆಚ್ ಬರೆದು, ಪುಟ ಮುದುರಿ ಬಿಡಿಸುತ್ತಾರೆ. ಅಂಥದ್ದೊಂದು ನಿಮ್ಮ ಗಾಜಿನ ಕಪಾಟಿನಲ್ಲಿ ಮಾದರಿ ದಾಖಲೆಯಾಗಿ ಕೂತಿದೆ. ಅದನ್ನು ಮಾಡಿದ ನನ್ನ ರೂಮ್‌ಮೇಟ್ ನನ್ನದನ್ನು ನೋಡಿ, "ನಿನ್ ಬುಕ್ಕು ಸ್ನಾನ ಮಾಡ್ಕೊಂಡ್ ಬಂದಿದೆ ಕಣೇ" ಎಂದಳು. ನಗಬೇಕೆಂದುಕೊಂಡೆ, ಆಗಲಿಲ್ಲ. ಮಣ್ಣನ್ನು ಮುಟ್ಟಬೇಡಿ ಎಂದು ನಾನು ಮೊದಲೇ ಬರೆದುಕೊಡಬೇಕಿತ್ತು, ನಿಜ. ನಿಮ್ಮ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಕೇಳಲು ನನಗೆ ಹೆದರಿಕೆ.

ಇನ್ನೊಮ್ಮೆ ಒತ್ತಿಸಿಕೊಳ್ಳಬಹುದಲ್ಲ ಎನ್ನುವಿರಿ. ನಿವೃತ್ತರಾದ ಎರಡೇ ತಿಂಗಳಿಗೆ ಮಾಮನಿಗೆ ಲಕ್ವ ಹೊಡೆದಿದೆ. ಬಲಗೈ ಏಳುವುದಿಲ್ಲ. ಕಳೆದ ಭಾನುವಾರ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋದೆ. ಎಡಗೈಯಲ್ಲಿ ಪುಟಗಳನ್ನು ಸವರುತ್ತಾ ಹೋದರು, ಕೊನೆಯ ಪುಟದವರೆಗೂ.

"ಚೆನ್ನಾಗಿದೆ. ಯಾರ್ದಮ್ಮ ಇದು?"

ನನ್ನದೇ ಎಂದೆ. ಅವರ ಹೆಂಡತಿ ಪುಸ್ತಕ ತೆಗೆದು ನನ್ನ ಬ್ಯಾಗಿಗೆ ಹಾಕಿದರು.

ನಿಮ್ಮಿಂದ ಆ ಕೈ ವಾಪಸ್ ಬರುವುದಿಲ್ಲ, ಗೊತ್ತು. ಈ ಪತ್ರಕ್ಕೂ ಒಂದು ನಂಬರ್ ಬಿದ್ದು ಫೈಲಿಗೆ ಹೋಗುತ್ತದೆ, ಅದೂ ಗೊತ್ತು. ಆದರೂ ಕೇಳುತ್ತೇನೆ. ಆ ಚೀಟಿಯಲ್ಲಿ "ಉತ್ತಮ" ಎಂಬುದನ್ನು ಹೊಡೆದುಹಾಕಿ, ಈ ಪುಟಗಳಲ್ಲಿ ಒಬ್ಬರು ಪಾಠ ಹೇಳಿದ್ದರು, ಅದನ್ನು ನಾವು ಅಳಿಸಿದೆವು ಎಂದು ಬರೆದು ಸಹಿ ಹಾಕಿ, ನಿಮ್ಮಲ್ಲಿರುವ ಸ್ಕ್ಯಾನ್ ಪ್ರತಿಯ ಜೊತೆ ಇಡಿ. ನಿಮ್ಮ ಕಪಾಟಿನಲ್ಲಿ ಒಂದಾದರೂ ನಿಜ ಇರಲಿ.

ಇಂತಿ,
ಸದ್ಯ ಅಂದಾಜಿನ ಮೇಲೆ ಪಾತ್ರೆ ಮಾಡುತ್ತಿರುವ
ಮೊದಲ ವರ್ಷದ ಒಬ್ಬಳು