ಶರಭಯ್ಯ ಕೇಳದ ಪ್ರಶ್ನೆ

ಲೇಡೀಸ್ ಹಾಸ್ಟೆಲ್, ಶಿಗ್ಗಾಂವ
20 ನವೆಂಬರ್ 2024

ಪ್ರೀತಿಯ ಉಮೈಮಾ,

ನಿನಗೆ ಬರೆಯುವ ಹಕ್ಕು ನನಗೆ ಉಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಮೊದಲು ಕ್ಷಮೆ ಕೇಳುವುದು ಅದಕ್ಕೇ. ನೀನು ನನ್ನ ನಂಬರ್ ಬ್ಲಾಕ್ ಮಾಡಿ ಹನ್ನೊಂದು ದಿನವಾಯಿತು. ಎರಡು ಸಲ ಬರೆದು ಹರಿದೆ. ಒಂದು ಪೂರ್ತಿ ಇಂಗ್ಲಿಷಿನಲ್ಲಿತ್ತು, ಓದಿದರೆ ರಜೆ ಅರ್ಜಿಯ ಹಾಗೆ. ನಿನ್ನ ಅಬ್ಬಾ, ಅಮ್ಮಿ ಆರಾಮಿದ್ದಾರೆಯೇ?

ಎಕ್ಸಾಮ್ ಫಾರ್ಮಿಗೆ ಬರುವ ಸೋಮವಾರ ಕೊನೆ. ನೀನೇ ಬಂದು ಸಹಿ ಮಾಡಬೇಕಂತೆ, ಇಲ್ಲದಿದ್ದರೆ ಸೆಮಿಸ್ಟರ್ ಹೋಯಿತು. ರೂಮಿನಲ್ಲಿ ನಿನ್ನ ಕಾಟು ಇನ್ನೂ ಯಾರಿಗೂ ಕೊಟ್ಟಿಲ್ಲ. ಕಳುವಾಯಿತೆಂದಿದ್ದ ಸುಧಾರಾಣಿಯ ಗಡಿಯಾರ ನೀನು ಹೋದ ದಿನವೇ ಅವಳ ಹಾಸಿಗೆಯ ಕೆಳಗೆ ಸಿಕ್ಕಿತು. ವಾರ್ಡನ್ ಮೇಡಂ ಅಬ್ಬಾನಿಗೆ ಫೋನ್ ಮಾಡಿ ತಪ್ಪಾಯಿತು ಎಂದರಂತೆ. ಅವರು "ಹೌದ್ರಿ" ಅಂದು ಇಟ್ಟರಂತೆ. ಅಡಿಗೆಯ ಮಂಜವ್ವ ರೊಟ್ಟಿ ಬಡಿಸುವಾಗ ನನ್ನ ಮುಖ ನೋಡುವುದಿಲ್ಲ.

ಈ ವಾರ ಪತ್ತೇದಾರ ಶರಭಯ್ಯನ ಕಾದಂಬರಿಗಳನ್ನು ಮತ್ತೆ ತೆಗೆದೆ. ಹಾನಗಲ್ಲಿನ ಹಾಸ್ಟೆಲಿನಲ್ಲಿ ಸೋಷಿಯಲ್ ಪುಸ್ತಕದೊಳಗಿಟ್ಟು ಇಬ್ಬರೂ ಓದಿದ್ದೆವಲ್ಲ, ಬೆನ್ನು ಕಿತ್ತ ಅವೇ ಹದಿನಾಲ್ಕು. ಅವನನ್ನು ದ್ವೇಷಿಸಲೆಂದೇ ಕೂತೆ. ಮೂರನೇ ಪುಟದಲ್ಲಿ ಒಬ್ಬನ ಚಪ್ಪಲಿಯ ಸವೆತ ನೋಡಿ ಅವನ ಊರು ಹೇಳಿದ, ನಾನು ಮತ್ತೆ ಬಿದ್ದೆ. ಏನಿದೆ ಅವನಲ್ಲಿ? ಕುಡಿಯುತ್ತಾನೆ, ಹೆಂಡತಿಯ ಪತ್ರ ಒಡೆಯದೆ ಇಡುತ್ತಾನೆ, ಯಾರಿಗೂ ತಪ್ಪಾಯಿತೆನ್ನುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ನೀನು ಹೇಳಿದ್ದೆ: "ಅವಗ ಬುದ್ಧಿ ಐತಿ, ಗೆಳೆಯಾರ ಇಲ್ಲ. ಬಾಜೂಕಿನ ಕುರ್ಚಿ ಖಾಲಿ ಇರ್ತೈತಿ, ಅದಕ್ಕ ನಾವು ಹೋಗಿ ಕುಂದರತೇವಿ."

ನನಗೆ ಅವನ ಕುರ್ಚಿಯೇ ಬೇಕಿತ್ತು.

'ಕೇಳಬೇಡ, ನೋಡು' ಎಂಬುದು ಅವನ ರೂಲು. ಗಡಿಯಾರ ಕಾಣದಾದ ಆ ಬೆಳಿಗ್ಗೆ ನಾನೂ ನಿನ್ನನ್ನು ಕೇಳಲಿಲ್ಲ. ಸುಧಾರಾಣಿಯ ಟ್ರಂಕಿನ ಪಕ್ಕ ವೀಳ್ಯದೆಲೆಯ ತೊಟ್ಟು ಬಿದ್ದಿತ್ತು. ಎಳೆಯದು, ತೆಳು ಹಸಿರು, ಅಂಗಡಿಯದಲ್ಲ, ಸವಣೂರಿನದು. ನಮ್ಮೊಳಗೆ ಸವಣೂರಿನಲ್ಲಿ ಎಲೆತೋಟ ಇರುವುದು ನಿನ್ನ ಅಬ್ಬಾನಿಗೆ ಮಾತ್ರ. ಹಾಗಾಗಿ ಕದ್ದವಳು ನೀನು. ಇಷ್ಟನ್ನು ಹನ್ನೆರಡು ಹುಡುಗಿಯರ ಮುಂದೆ, ಕೈ ಹಿಂದೆ ಕಟ್ಟಿ, ಅತ್ತಿಂದಿತ್ತ ನಡೆಯುತ್ತ ಹೇಳಿದೆ. ಚಪ್ಪಾಳೆ ಬಿತ್ತು. ನೀನು ಪ್ರತಿ ರವಿವಾರ ತರುವ ಎಲೆ ಮಂಜವ್ವನಿಗೆ. ನಮ್ಮ ರೂಮು ಗುಡಿಸುತ್ತ ತೊಟ್ಟು ಚಿವುಟಿ ಎಲೆ ಬಾಯಿಗಿಡುವವಳೂ ಅವಳೇ. ದಿನಾ ನೋಡುವುದು ಆ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ.

ಸಂಜೆ ವಾರ್ಡನ್ ನಿನ್ನ ಬ್ಯಾಗನ್ನು ಕಾಟಿನ ಮೇಲೆ ಸುರುವಿದರು. ಒಳಗಿನ ಬಟ್ಟೆ, ಮಾತ್ರೆ, ಅಮ್ಮಿ ಕಟ್ಟಿಕೊಟ್ಟ ಖಾರದ ಪೊಟ್ಟಣ. ಹಿಂದಿನಿಂದ ಯಾರೋ ನಿಮ್ಮವರ ಬಗ್ಗೆ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯಲಾರೆ. ನೀನು ಅಳಲಿಲ್ಲ. ನನ್ನ ಕಡೆ ತಿರುಗಿ, "ನನ್ನ ಕೇಳಿದ್ದಿದ್ರ ಹೇಳ್ತಿದ್ದೆನಲ್ಲ, ನೀಲಾ," ಅಂದೆ. ಅಷ್ಟೇ.

ಮರುದಿನ ಬೆಳಿಗ್ಗೆ ಅಬ್ಬಾ ನಿನ್ನನ್ನು ಕರೆದೊಯ್ಯಲು ಬಂದಾಗಲೂ ಎಲೆಯ ಕಟ್ಟು ತಂದಿದ್ದರು. ಮಂಜವ್ವ ಊರಲ್ಲಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಹೋದರು. ನಾನು ಕಿಟಕಿಯಲ್ಲಿದ್ದೆ.

ಹನ್ನೊಂದನೇ ಪುಸ್ತಕ ನೆನಪಿದೆಯೇ? ನಿರಪರಾಧಿ ಮಾಸ್ತರನನ್ನು ಪೊಲೀಸರು ಒಯ್ಯುತ್ತಾರೆ, ಶರಭಯ್ಯ ಎಲ್ಲ ತಿಳಿದೂ ಸುಮ್ಮನಿರುತ್ತಾನೆ. ನೀನು ಅದನ್ನು ಗೋಡೆಗೆ ಒಗೆದೆ. ಜೀನಿಯಸ್ಸಿಗೆ ಒಂದು ತಪ್ಪು ಮಾಫ್ ಎಂದು ನಾನು ವಾದ ಮಾಡಿದೆ.

ನಿನ್ನ ಓದು ನಿಲ್ಲದಿರಲಿ. ಅಮ್ಮಿಯ ಮೊಣಕಾಲು ನೋವು ಕಡಿಮೆಯಾಗಲಿ.

ನಿನ್ನ (ಹಾಗೆ ಅನ್ನಬಹುದೋ ಇಲ್ಲವೋ)
ನೀಲಾಂಬಿಕಾ

ತಾ.ಕ.: ಗಡಿಯಾರ ನೀನು ಹೋದ ದಿನ ಸಿಕ್ಕಿತೆಂದು ಬರೆದೆನಲ್ಲ, ಅದು ಸುಳ್ಳು. ಹಿಂದಿನ ಮಧ್ಯಾಹ್ನವೇ ಮಂಜವ್ವ ನನ್ನ ಕೈಗೆ ಕೊಟ್ಟು, "ಸುಧಾನ ಕಾಟಿನ ಬುಡಕ ಬಿದ್ದಿತ್ತ, ತಂಗಿ. ಕೊಟ್ಟಬಿಡು, ನಾ ಆಡೂರಿಗೆ ಹೊಂಟೇನಿ," ಅಂದಿದ್ದಳು. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ನಿನ್ನ ಬ್ಯಾಗು ಸುರುವುವಾಗ ಅದು ನನ್ನ ಜೇಬಿನಲ್ಲಿತ್ತು. ಟಿಕ್ ಟಿಕ್ ಕೇಳಿಸೀತೆಂದು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದೆ. ನೀನು ಹೋದ ಮೇಲೆ ಅದನ್ನು ಅವಳ ಹಾಸಿಗೆಯ ಕೆಳಗಿಟ್ಟದ್ದೂ ನಾನೇ. ಊರಿಂದ ಬಂದ ಮಂಜವ್ವ ಎಲ್ಲ ತಿಳಿದು, "ನೀನ ಬರಿ. ನಾ ಒಯ್ದು ಕೊಡ್ತೇನಿ, ಬಾಯಿಲೆ ಹೇಳೂದಿಲ್ಲ," ಅಂದಳು. ಸೋಮವಾರ ನೀನು ಬಂದರೂ ಬರದಿದ್ದರೂ ನಾನು ಎಲ್ಲರ ಮುಂದೆ ಹೇಳುತ್ತೇನೆ. ನೀನು ಬಾ. ಮಂಜವ್ವ ಈ ಪತ್ರ ಕೊಟ್ಟು ಸಂಜೆ ಬಸ್ಸಿಗೆ ನಿಮ್ಮೂರಿಂದ ವಾಪಸ್ ಹೊರಡುತ್ತಾಳೆ, ಅವಳ ಕೈಯಲ್ಲೇ ಬೇಗ ಉತ್ತರ ಕೊಡು.