ಕುಬ್ಜ ಗೆಲಾಕ್ಸಿಗಳ ಎರಡನೇ ಬೆಳೆ

ಯಲ್ದೂರು
9 ಮಾರ್ಚ್ 2025

ಪ್ರೀತಿಯ ಮೇಘನಾ,

ನೀನೂ ಅಳಿಯಂದಿರೂ ಮಾಲೂರಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಫೋನು ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ, ತಪ್ಪಾಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವಾದರೆ ನಾನು ಹೇಳುವುದನ್ನು ಪೂರ್ತಿ ಕೇಳಲೇಬೇಕು.

ಹೌದು, ಗುರುವಾರ ನಾನು ಪಿಎಚ್‌.ಡಿ. ವೈವಾಗೆ ಹೋದೆ. "ಅಪ್ಪಂಗೆ ಸೊಂಟನೋವು, ಹುಳು ಹಣ್ಣಾಗೋ ಹೊತ್ತಲ್ಲಿ ಒಬ್ರೇ ಏನ್ ಮಾಡ್ತಾರೆ? ನಲವತ್ತೊಂಬತ್ತಕ್ಕೆ ಡಾಕ್ಟರೇಟ್ ತಗೊಂಡು ಯಾವ ಪ್ರಮೋಷನ್ ಬರ್ಬೇಕಮ್ಮಾ ನಿಂಗೆ?" ಅಂದೆಯಲ್ಲ, ಆ ಮಾತನ್ನು ಬೆಂಗಳೂರಿನವರೆಗೂ ಬಸ್ಸಿನಲ್ಲಿ ಮೆಲುಕು ಹಾಕುತ್ತಾ ಹೋದೆ. ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ನಮ್ಮ ಮನೆಯ ಕಟ್ಟುಪಾಡು ನಿನಗೆ ಗೊತ್ತೇ ಇದೆ. ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹೊಳೆದು, ತಲೆಯೆತ್ತಿತೆಂದರೆ ಹಣ್ಣಾಯಿತು. ಆ ದಿನ ಯಾರೂ ಹೊಸ್ತಿಲು ದಾಟುವಂತಿಲ್ಲ. ಎಲ್ಲರೂ ಕೂತು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮದುವೆಯಾದ ಹೊಸದರಲ್ಲಿ ಇದೇ ಕಟ್ಟುಪಾಡಿಗೆ ನನ್ನ ಸಂಶೋಧನೆಯ ಸೀಟು ಹೋಯಿತು. ಸಂದರ್ಶನದ ದಿನ ಬೆಳಿಗ್ಗೆ ನಿನ್ನ ಅಜ್ಜಿ ಗಂಗರತ್ನಮ್ಮನವರು ಬಾಗಿಲಿಗೆ ಅಡ್ಡ ನಿಂತು, "ಹುಳು ಹಣ್ಣಾಗ್ಬಿಟ್ಟಿದೆ ಕಣಮ್ಮಾ, ಇವತ್ತೆಲ್ಲಿಗೆ ಹೊರಟೆ?" ಅಂದರು. ಉಟ್ಟಿದ್ದ ಒಳ್ಳೆಯ ಸೀರೆ ಬದಲಿಸಿ ಹುಳುಮನೆಗೆ ಹೋದೆ. ಆಮೇಲೆ ಶ್ರೀನಿವಾಸಪುರದ ಕಾಲೇಜಿನ ಪಾಠ, ನೀನು, ಬೆಳೆಯ ಮೇಲೆ ಬೆಳೆ.

ಈ ಸಲ ಬಾಗಿಲಲ್ಲಿ ನಿಂತವರು ನಿಮ್ಮಪ್ಪ. "ಸುನಂದಾ, ಹುಳು ಹಣ್ಣಾಗಿದೆ ಕಣೇ. ಇವತ್ತೇ ಹೋಗ್ಬೇಕಾ?"

ನಾನೇ ಹುಳುಮನೆಗೆ ಹೋಗಿ ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದೆ. ನಿಜವಾಗಿಯೂ ಹಣ್ಣಾಗಿತ್ತು. "ಇವತ್ತೇ ಹೋಗ್ಬೇಕು. ಪಕ್ಕದ ಮುನಿರಾಮಪ್ಪನ ಮನೇವ್ರಿಗೆ ಹೇಳಿದ್ದೀನಿ, ಬರ್ತಾರೆ. ನೀವು ಕೂತ್ಕೊಂಡು ತೋರ್ಸಿ ಸಾಕು," ಎಂದು ಹೊಸ್ತಿಲು ದಾಟಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ನನ್ನ ಪ್ರಬಂಧ ಯಾವುದರ ಮೇಲೆಂದು ನೀನು ಒಂದು ದಿನವೂ ಕೇಳಲಿಲ್ಲ, ಈಗ ಕೇಳು. ಕುಬ್ಜ ಗೆಲಾಕ್ಸಿಗಳೆಂದರೆ ನಮ್ಮ ಕ್ಷೀರಪಥದ ಮುಂದೆ ತೀರಾ ಚಿಕ್ಕ ಸಂಸಾರಗಳು. ವಿಶ್ವ ಇನ್ನೂ ಎಳೆಯದಾಗಿದ್ದಾಗಲೇ ಅವು ನಕ್ಷತ್ರಗಳನ್ನು ಹೆತ್ತವು. ಆ ನಕ್ಷತ್ರಗಳಲ್ಲಿ ದೊಡ್ಡವು ಬೇಗ ಸಿಡಿದು, ಆ ಹೊಡೆತಕ್ಕೆ ಮುಂದಿನ ನಕ್ಷತ್ರಗಳಿಗೆ ಬೇಕಾದ ಅನಿಲವೇ ಹೊರಚೆಲ್ಲಿತು. ದೊಡ್ಡ ಗೆಲಾಕ್ಸಿ ತನ್ನ ಭಾರದಿಂದ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಇವಕ್ಕೆ ಆ ಬಲವಿಲ್ಲ. ಎಷ್ಟೋ ಗೆಲಾಕ್ಸಿಗಳ ಕಥೆ ಅಲ್ಲಿಗೇ ಮುಗಿಯಿತು. ನಾನು ಬಿದ್ದದ್ದು ನೂರಾರು ಕೋಟಿ ವರ್ಷ ಸುಮ್ಮನಿದ್ದು, ಮತ್ತೆ ಹೆರಲು ಶುರುಮಾಡಿದ ಕೆಲವುಗಳ ಹಿಂದೆ.

"ಇಷ್ಟು ಸಣ್ಣದು, ಇಷ್ಟು ತಡವಾಗಿ ಮತ್ತೆ ನಕ್ಷತ್ರ ಹುಟ್ಟಿಸ್ತು ಅನ್ನೋದಕ್ಕೆ ಏನ್ ಗ್ಯಾರಂಟಿ ಮೇಡಂ?" ಪರೀಕ್ಷಕರು ನಗುತ್ತಾ ಕೇಳಿದರು.

"ನೀಲಿ ನಕ್ಷತ್ರ ಬಹಳ ಕಾಲ ಬದುಕಲ್ಲ ಸರ್. ಈಗ ಕಾಣಿಸ್ತಿದೆ ಅಂದ್ರೆ ಈಚೆಗೆ ಹುಟ್ಟಿದ್ದೇ."

"ಅನಿಲ ಎಲ್ಲಿಂದ ಬಂತು?"

"ಚೆಲ್ಲಿದ್ದೆಲ್ಲಾ ಕಳೆದುಹೋಗಿರಲಿಲ್ಲ ಸರ್. ದೂರದಲ್ಲಿ ತಣ್ಣಗಾಗ್ತಾ ಇತ್ತು. ವಾಪಸ್ ಬಂತು."

ನಾನು ದನಿ ತಗ್ಗಿಸಲಿಲ್ಲ. ಅವರು ನಗುವುದನ್ನು ಬಿಟ್ಟು ಮುಂದಿನ ಪುಟ ತಿರುಗಿಸಿದರು. ಪಾಸಾಯಿತು ಮಗಳೇ. ಪ್ರಮೋಷನ್ ಬರುವುದಿಲ್ಲ, ಆ ಮಟ್ಟಿಗೆ ನಿನ್ನ ಮಾತು ಸರಿ. ಆದರೆ ಇನ್ನು ಮುಂದೆ ನಿನ್ನ ಅತ್ತೆಯ ಮನೆಯಲ್ಲಿ ನನ್ನನ್ನು ಡಾಕ್ಟರ್ ಸುನಂದ ಎಂದೇ ಪರಿಚಯಿಸು.

ನಿಮ್ಮಪ್ಪನ ಸೊಂಟ ಪರವಾಗಿಲ್ಲ. ಗೂಡು ಚೆನ್ನಾಗಿ ಕಟ್ಟಿವೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನಗೆ ತುಂಬು ಆಯುಸ್ಸು ಬರಲಿ, ಜೊತೆಗೆ ನನ್ನ ಹಟವೂ ಬರಲಿ.

ನಿನ್ನ ಅಮ್ಮ,
ಸುನಂದ

ತಾ.ಕ.: ಇದನ್ನು ಯಾರಿಗೂ ಹೇಳಿಲ್ಲ. ಆ ಸಂದರ್ಶನದ ದಿನ ಸೀರೆ ಬದಲಿಸಿ ಹುಳುಮನೆಗೆ ಕಾಲಿಟ್ಟಾಗ ತಟ್ಟೆತಟ್ಟೆಯಲ್ಲೂ ಚರಚರ ಸದ್ದು. ಹುಳುಗಳು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಸೊಪ್ಪು ಹಾಕುತ್ತಿದ್ದವರು ನಿಮ್ಮಪ್ಪ. ತಲೆಯೆತ್ತಿ ನನ್ನ ಮುಖ ನೋಡಲಿಲ್ಲ.